ತೋಟದ ಗೋದಾಮಿನಲ್ಲಿ ನಿಂತುಹೋದ ಮಿಲಿಟರಿ ಜೀಪು: ಎಲ್ಲಿಂದ ಶುರು ಮಾಡಲಿ?

ಕಾಫಿಕಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಕಡೆ ಒಂದು ಸಣ್ಣ ಕಾಫಿ ತೋಟ. ದೊಡ್ಡಪ್ಪನ ಪಾಲಿನ ಹಳೇ ಗೋದಾಮಿನಲ್ಲಿ ಒಂದು ಜೀಪು ನಿಂತಿದೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು 'ಮಿಲ್ಟ್ರಿ ಜೀಪು'. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಡಿಸ್ಪೋಸಲ್‌ಗೆ ಹಾಕಿದ್ದನ್ನು ತಾತ ತಂದರು ಅನ್ನೋದು ಮನೆಯ ಕಥೆ, ಎಷ್ಟು ನಿಜವೋ. ಈಗ ಆ ಜಾಗದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಶೆಡ್ ಆಗಬೇಕಂತೆ. "ಮಳೆಗಾಲಕ್ಕೆ ಮುಂಚೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಯವನಿಗೆ ತೂಕಕ್ಕೆ ಹಾಕ್ತೀನಿ" ಅಂತ ದೊಡ್ಡಪ್ಪ ಹೇಳಿಬಿಟ್ಟಿದ್ದಾರೆ.

ಗಾಡಿಯ ಸ್ಥಿತಿ ಹೇಳ್ತೀನಿ. ಬಾನೆಟ್ ತಗ್ಗು, ಚಪ್ಪಟೆ. ಮುಂದಿನ ಗ್ರಿಲ್‌ನಲ್ಲಿ ಒಂಬತ್ತು ಸೀಳು. ಸ್ಟೇರಿಂಗ್ ಎಡಗಡೆ. ಹಿಂದೆ ಬಾಗಿಲಿಲ್ಲ, ತಗಡು ಮುಚ್ಚಿದೆ. ಟೈರು ನಾಲ್ಕೂ ನೆಲ ಕಚ್ಚಿವೆ. ಹಿಂದಿನ ಸೀಟಿನ ಜಾಗದಲ್ಲಿ ವರ್ಷಗಟ್ಟಲೆ ಸುಣ್ಣ, ಪೊಟ್ಯಾಷ್ ಚೀಲ ಪೇರಿಸಿಟ್ಟಿದ್ದರು. ಅಲ್ಲಿ ನೆಲದ ತಗಡನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹ್ಯಾಂಡಲ್ ಹಾಕಿದರೆ ಎಂಜಿನ್ ಅಲುಗಾಡುತ್ತಿಲ್ಲ. ಆರ್‌ಸಿ ಪುಸ್ತಕ ಸಿಕ್ಕಿದೆ, ಎಂವೈ ಅಂತ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರ್, ತಾತನ ಹೆಸರು ಇದೆ. ಕಂಪನಿ ಹೆಸರು ಇರೋ ಕಡೆ ಇಲಿ ತಿಂದಿದೆ.

ಪೇಟೆಯ ಮೆಕ್ಯಾನಿಕ್ ಬಂದು ನೋಡಿ, ಈ ಎಂಜಿನ್ ಕಿತ್ತು ಬಿಸಾಕಿ, ಡೀಸೆಲ್ ಕೂರಿಸಿ, ಎರಡು ತಿಂಗಳಲ್ಲಿ ಓಡುತ್ತೆ ಅಂದ. ಚಿಕ್ಕಪ್ಪನ ಮಗ ಮಿಲಿಟರಿ ಹಸಿರು ಬಣ್ಣ ಹೊಡೆದು ಬಾನೆಟ್ ಮೇಲೆ ಬಿಳಿ ನಕ್ಷತ್ರ ಹಾಕೋಣ ಅಂತಿದ್ದಾನೆ. ನನಗೆ ಈ ಹುಚ್ಚು ಹೊಸದು. ಬೈಕ್ ಬಿಚ್ಚಿ ಜೋಡಿಸಿ ಗೊತ್ತು, ಅಷ್ಟೇ. ಇದು ವಿಲ್ಲಿಸ್ಸಾ, ಫೋರ್ಡಾ, ಮಹೀಂದ್ರಾನಾ? ಎಬ್ಬಿಸೋಕೆ ಆಗುತ್ತಾ? ಮೊದಲು ಏನು ಮಾಡಬೇಕು, ಅದಕ್ಕಿಂತ ಮುಖ್ಯ, ಏನು ಮಾಡಬಾರದು?

ಜೆಸಿರೋಡ್ ಗಿರಾಕಿ:

ಮೊದಲನೆಯದಾಗಿ ದೊಡ್ಡಪ್ಪನ ಕೈಕಾಲು ಹಿಡಿದಾದರೂ ಗುಜರಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಒಂಬತ್ತು ಸೀಳು, ಎಡಗಡೆ ಸ್ಟೇರಿಂಗ್, ಹಿಂದೆ ಟೇಲ್‌ಗೇಟ್ ಇಲ್ಲ. ಇಷ್ಟು ಇದ್ದರೆ ಮನೆಯ ಕಥೆ ಬಹುಪಾಲು ನಿಜ. ಮಹೀಂದ್ರಾದವರು 1947ರಲ್ಲಿ ಬಿಡಿಭಾಗ ತರಿಸಿ ಜೀಪು ಜೋಡಿಸೋಕೆ ಶುರು ಮಾಡಿದರು. ಆ ಸಿವಿಲಿಯನ್ ಮಾಡೆಲ್‌ಗಳಿಗೆ ಏಳು ಸೀಳು, ದೊಡ್ಡ ಹೆಡ್‌ಲೈಟು. ಆಮೇಲೆ ಬಂದ ಸಿಜೆ3ಬಿ ಗೊತ್ತಲ್ವಾ, ಮಲೆನಾಡಲ್ಲಿ ಎಲ್ಲರೂ ನೋಡಿ ಬೆಳೆದ ಎತ್ತರ ಬಾನೆಟ್‌ನದು. ಅದರ ಎಂಜಿನ್ ಎತ್ತರ ಜಾಸ್ತಿ, ಅದಕ್ಕೇ ಬಾನೆಟ್ ಎತ್ತಿದರು. ನಿಮ್ಮದು ಯಾವುದೂ ಅಲ್ಲ.

ಯುದ್ಧದ ಜೀಪನ್ನು ಎರಡು ಕಂಪನಿ ಮಾಡಿದವು. ವಿಲ್ಲಿಸ್ ಮಾಡಿದ್ದು ಎಂಬಿ, ಫೋರ್ಡ್ ಮಾಡಿದ್ದು ಜಿಪಿಡಬ್ಲ್ಯು. ಎರಡೂ ಸೇರಿ ಆರು ಲಕ್ಷಕ್ಕೂ ಜಾಸ್ತಿ ಗಾಡಿ. ಬಿಡಿಭಾಗ ಒಂದರದು ಇನ್ನೊಂದಕ್ಕೆ ಕೂರುವ ಹಾಗೆ ಮಾಡಿದ್ದರಿಂದ ದೂರದಿಂದ ನೋಡಿದರೆ ಗೊತ್ತೇ ಆಗಲ್ಲ. ಹೀಗೆ ನೋಡಿ: ರೇಡಿಯೇಟರ್ ಕೆಳಗೆ ಎರಡು ಚಾಸಿಸ್ ಉದ್ದಿಗಳ (ಉದ್ದದ ತೊಲೆಗಳ) ನಡುವೆ ಅಡ್ಡ ಇರುತ್ತಲ್ಲ, ಅದು ದುಂಡು ಪೈಪ್ ಆದರೆ ವಿಲ್ಲಿಸ್. ಬೋರಲು ಹಾಕಿದ ಯು ಆಕಾರದ ಪಟ್ಟಿ ಆದರೆ ಫೋರ್ಡ್. ಆಮೇಲೆ ಬೋಲ್ಟ್‌ಗಳ ತಲೆ ಉಜ್ಜಿ ನೋಡಿ. ಫೋರ್ಡ್‌ನವರು ಬೋಲ್ಟು, ಬ್ರಾಕೆಟ್ಟು ಎಲ್ಲದರ ಮೇಲೂ 'ಎಫ್' ಅಚ್ಚು ಹಾಕಿಬಿಟ್ಟಿದ್ದಾರೆ. ಫೋರ್ಡ್‌ನ ಚಾಸಿಸ್ ನಂಬರ್ ಎಡಗಡೆ ಉದ್ದಿಯ ಮೇಲ್ಮೈಯಲ್ಲಿ, ಎಂಜಿನ್ ಪಕ್ಕ, ಲೋಹಕ್ಕೇ ಕೊರೆದಿರುತ್ತದೆ. ವಿಲ್ಲಿಸ್‌ನಲ್ಲಿ ಬಂಪರ್ ಹಿಂದೆ ಎಡ ಉದ್ದಿಯ ಒಳಮುಖಕ್ಕೆ ರಿವೆಟ್ ಹೊಡೆದ ಸಣ್ಣ ತಗಡು.

ಈ ನಂಬರ್ ಸಿಗೋವರೆಗೆ ಗ್ರೈಂಡರ್, ಸ್ಯಾಂಡ್‌ಬ್ಲಾಸ್ಟಿಂಗ್ ಏನೂ ಹತ್ತಿರ ತರಬೇಡಿ. ಸೀಮೆಎಣ್ಣೆ, ಹಳೇ ಟೂತ್‌ಬ್ರಷ್ಷು, ತಾಳ್ಮೆ. ಗ್ರೈಂಡರ್ ಒಂದು ಸಲ ತಾಗಿ ನಂಬರ್ ಅಳಿಸಿದರೆ ಆರ್‌ಟಿಓ ಇನ್‌ಸ್ಪೆಕ್ಟರ್ ಮುಂದೆ ನಿಮ್ಮ ಗಾಡಿ ಬರೀ ಕಬ್ಬಿಣ. ನಂಬರ್ ಸಿಕ್ಕಿದ ತಕ್ಷಣ ಪೇಪರ್ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳಿ, ಫೋಟೋನೂ ತೆಗೆಯಿರಿ, ಆರ್‌ಸಿ ಜೊತೆ ತಾಳೆ ಹಾಕಿ.

ಆರ್‌ಸಿ ಇರೋದು ದೊಡ್ಡ ಅದೃಷ್ಟ. ಅದನ್ನು ಇಲಿಯಿಂದ ದೂರ ಇಡಿ, ಮಿಕ್ಕಿದ್ದು ಆಮೇಲೆ.

ಮಾಜಿ ಇಎಂಇ, ಹಾಸನ:

ನಾನು ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿದ್ದವನು. ನಮ್ಮ ಕಾಲಕ್ಕೆ ಕೈಗೆ ಬಂದದ್ದು ಜೊಂಗಾ, ನಿಸ್ಸಾನ್ ಒನ್ ಟನ್, ಶಕ್ತಿಮಾನ್ ಅನ್ನೋ ಸೈನ್ಯದ ಗಾಡಿಗಳು. ವಿಲ್ಲಿಸ್ ಆಗಲೇ ಹಳೇ ತಲೆಮಾರು, ಆದರೂ ರಿಟೈರ್ ಆದ ಮೇಲೆ ನಮ್ಮ ಸುತ್ತಮುತ್ತಲ ತೋಟಗಳಲ್ಲಿ ಸುಮಾರು ಎಬ್ಬಿಸಿದ್ದೇನೆ. ಎಂಜಿನ್ ಬಗ್ಗೆ ನಾನು ಹೇಳುತ್ತೇನೆ.

ತಮ್ಮಾ, ಹ್ಯಾಂಡಲ್ ತಿರುಗಲಿಲ್ಲ ಅಂತ ಎಂಜಿನ್ ಸತ್ತಿದೆ ಅಂತಲ್ಲ. ಪಿಸ್ಟನ್ ರಿಂಗು ತುಕ್ಕಿನಿಂದ ಸಿಲಿಂಡರಿಗೆ ಹಿಡಿದುಕೊಂಡಿದೆ, ಅಷ್ಟೇ. ಬಲವಂತ ಮಾಡಬೇಡ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗೇರಲ್ಲಿ ಹಾಕಿ ಎಳೆಯೋರು ಇದ್ದಾರೆ, ಹಾಗೆ ಎಳೆದರೆ ರಿಂಗ್ ಮುರಿಯುತ್ತೆ, ಇಲ್ಲಾ ಕನೆಕ್ಟಿಂಗ್ ರಾಡ್ ಬಾಗುತ್ತೆ. ನಾಲ್ಕೂ ಪ್ಲಗ್ ಬಿಚ್ಚು. ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹುಯ್ಯಿ, ಆಟೋಮ್ಯಾಟಿಕ್ ಗೇರ್ ಗಾಡಿಗೆ ಹಾಕುವ ಎಟಿಎಫ್ ಆಯಿಲ್ ಸಿಕ್ಕರೆ ಇನ್ನೂ ಒಳ್ಳೇದು. ಬಿಟ್ಟುಬಿಡು. ಎರಡು ದಿನಕ್ಕೊಂದು ಸಲ ಒಂದಿಷ್ಟು ಸೇರಿಸು. ವಾರ ಕಳೆದ ಮೇಲೆ ಹ್ಯಾಂಡಲ್ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಒತ್ತು. ಕೂದಲಷ್ಟು ಅಲುಗಾಡಿದರೂ ಸಾಕು, ಗೆದ್ದೆ ಅಂತ ತಿಳಿ.

ತಿಂಗಳಾದರೂ ಅಲುಗದಿದ್ದರೆ ಹೆಡ್ ತೆಗೆಯೋದು. ಈ ಎಂಜಿನ್‌ನಲ್ಲಿ ಅದಕ್ಕೆ ಹೆದರಬೇಕಿಲ್ಲ. ಇದು ಸೈಡ್ ವಾಲ್ವ್ ಎಂಜಿನ್, ವಾಲ್ವ್ ಎಲ್ಲ ಬ್ಲಾಕ್‌ನಲ್ಲೇ ಪಕ್ಕಕ್ಕೆ ನಿಂತಿರುತ್ತವೆ, ಹೆಡ್ ಅಂದರೆ ಬರೀ ಮುಚ್ಚಳ. ನಟ್ಟುಗಳಿಗೆ ಮೊದಲೇ ಎಣ್ಣೆ ಕುಡಿಸಿ ಬಿಟ್ಟಿರು, ಸ್ಟಡ್ ಮುರಿದರೆ ಲೇತ್‌ನವನ ಹತ್ತಿರ ಓಡಬೇಕಾಗುತ್ತೆ. ಹೆಡ್ ತೆಗೆದರೆ ನಾಲ್ಕು ಪಿಸ್ಟನ್, ಎಂಟು ವಾಲ್ವ್ ಎಲ್ಲ ಕಣ್ಣೆದುರಿಗೇ ಕಾಣುತ್ತೆ.

ಇನ್ನೊಂದು ಮಾತು. ಎಂಜಿನ್ ತಿರುಗಿಸೋಕೆ ಮುಂಚೆ, ಎಂಜಿನ್ ತಳದ ಆಯಿಲ್ ತೊಟ್ಟಿ ಅಂದರೆ ಸಂಪ್‌ನ ಡ್ರೈನ್ ಪ್ಲಗ್ ಸಡಿಲ ಮಾಡಿ ಕೆಳಗೆ ಡಬ್ಬ ಇಡು. ಮೊದಲು ನೀರು ಬರುತ್ತಾ ನೋಡು. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಇರುತ್ತೆ. ಒಂದು ಲೋಟದಷ್ಟು ಬಂದರೆ ನಮ್ಮ ಮಲೆನಾಡಿನ ಥಂಡಿಯದು, ಹೆದರಬೇಡ. ಲೀಟರುಗಟ್ಟಲೆ ಬಂದರೆ ಬ್ಲಾಕ್ ಬಿರುಕು ಬಿಟ್ಟಿದೆಯೋ ಇಲ್ಲಾ ಗ್ಯಾಸ್ಕೆಟ್ ಹೋಗಿದೆಯೋ, ಆಗ ನನಗೆ ಬರಿ.

ಘಾಟಿಡ್ರೈವರ್:

ಎಲ್ಲರೂ ಹೀಗೇ ಹೇಳ್ತೀರಿ, ನಾನು ಉಲ್ಟಾ ಹೇಳ್ತೀನಿ, ಬೈಕೋಬೇಡಿ. ನಮ್ಮದು ಕಳಸದ ಕಡೆ. ಹಳೇ ಲೋ ಬಾನೆಟ್‌ಗೆ ಪ್ಯೂಜೋ ಡೀಸೆಲ್ ಎಂಜಿನ್ ಕೂರಿಸಿ ಇವತ್ತಿಗೂ ಮೆಣಸು, ಅಡಿಕೆ, ಆಳುಗಳು, ಗೊಬ್ಬರ ಎಲ್ಲ ಅದರಲ್ಲೇ ಹೊಡೀತೀವಿ. ಆ ಪೆಟ್ರೋಲ್ ಎಂಜಿನ್ 60 ಎಚ್‌ಪಿ, ಲೀಟರಿಗೆ ಏಳೆಂಟು ಕೊಟ್ಟರೆ ದೇವರು ಕೊಟ್ಟ ಹಾಗೆ. ತೋಟದಲ್ಲಿ ಲೋ ಗೇರಲ್ಲಿ ಓಡಿಸಿದರೆ ಅದೂ ಇಲ್ಲ. ಮ್ಯೂಸಿಯಂನಲ್ಲಿ ಇಡೋ ಹಾಗೆ ಮಾಡಿ ಕವರ್ ಹಾಕಿ ಮುಚ್ಚಿಡೋರನ್ನ ನೋಡಿದ್ದೀನಿ, ಭಾನುವಾರ ಒರೆಸೋದು, ಫೋಟೋ ತೆಗೆಯೋದು, ಮತ್ತೆ ಮುಚ್ಚೋದು. ಗಾಡಿ ಅಂದ್ರೆ ಓಡಬೇಕು. ಓಡದೇ ಇರೋ ಗಾಡಿಗೆ ಸೀಲ್ ಒಣಗುತ್ತೆ, ಬ್ರೇಕ್ ಹಿಡಿಯುತ್ತೆ, ಮತ್ತೆ ಅದೇ ಕಥೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ತಪ್ಪಲ್ಲ.

ಜೆಸಿರೋಡ್ ಗಿರಾಕಿ:

ಘಾಟಿಡ್ರೈವರ್ ಅಣ್ಣ, ಓಡಬೇಕು ಅನ್ನೋದಕ್ಕೆ ನನ್ನ ಎರಡೂ ಕೈ ಮೇಲಕ್ಕೆ. ಡೀಸೆಲ್ ವಿಷಯದಲ್ಲಿ ಮಾತ್ರ ಒಪ್ಪಲ್ಲ.

ಆಗಿನ ಕಾಲ ಬೇರೆ, ಈಗ ಬೇರೆ. ಕಂಪನಿ ಕೊಟ್ಟ ಮೂಲ ರೂಪ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿದ ಮೇಲೆ ಆರ್‌ಟಿಓದವರು ಗಾಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಈಗ ಹೊಸದಾಗಿ ಪೆಟ್ರೋಲ್ ತೆಗೆದು ಡೀಸೆಲ್ ಹಾಕಿ ಅದನ್ನು ಪುಸ್ತಕಕ್ಕೆ ಏರಿಸೋದು ಸುಲಭ ಇಲ್ಲ. ಪುಸ್ತಕದಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಇನ್ನೊಂದು ದಾರಿ ಇದೆ, ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ, ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಆದರೆ ಷರತ್ತು ಏನು ಗೊತ್ತಾ? ಚಾಸಿಸ್, ಬಾಡಿ, ಎಂಜಿನ್ ಬದಲಿಸಿರಬಾರದು. ಡೀಸೆಲ್ ಹಾಕಿದ ದಿನವೇ ಆ ಬಾಗಿಲು ಮುಚ್ಚಿತು. ಎರಡನೇ ಷರತ್ತು ಘಾಟಿಡ್ರೈವರ್ ಅಣ್ಣನಿಗೆ ಇಷ್ಟ ಆಗಲ್ಲ: ವಿಂಟೇಜ್ ನಂಬರ್ ತಗೊಂಡರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಸಂತೆಗೆ ಹೋಗೋ ಹಾಗಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

ಅದಕ್ಕೇ ಕಾಫಿಕಣ, ನನ್ನ ಸಲಹೆ ಏನಂದ್ರೆ ಹಳೇ ಎಂವೈ ನಂಬರನ್ನೇ ಜೀವಂತ ಮಾಡಿಸಿಕೊಳ್ಳಿ. ಆ ನಂಬರಿಗೇ ಒಂದು ಬೆಲೆ ಇದೆ, ದುಡ್ಡಿನ ಮಾತಲ್ಲ. ಮೊದಲು ಮನೆಯೊಳಗೆ ಬಗೆಹರಿಸಿ. ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಪ್ಪನ ಕಡೆಯ ಅಣ್ಣತಮ್ಮಂದಿರು, ಅತ್ತೆಯಂದಿರು ಎಲ್ಲರ ಒಪ್ಪಿಗೆ ಪತ್ರ, ಜೊತೆಗೆ ಮಾಲೀಕರು ತೀರಿಕೊಂಡಾಗ ಹೆಸರು ಬದಲಿಸಲು ಕೊಡುವ ಫಾರಂ 31. ಗಾಡಿ ಗುಜರಿ ಅಂದುಕೊಂಡಿರುವಾಗಲೇ ಸಹಿ ಹಾಕಿಸಿಕೊಳ್ಳಿ. ಮಿರಮಿರ ಮಿಂಚೋಕೆ ಶುರುವಾದ ಮೇಲೆ ಎಲ್ಲರಿಗೂ ತಾತನ ನೆನಪು ಬರುತ್ತೆ. ಕೈಬರಹದ ಹಳೇ ಪುಸ್ತಕ ಕಂಪ್ಯೂಟರಿನಲ್ಲಿ ಇರಲ್ಲ, ಆರ್‌ಟಿಓದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಆಮೇಲೆ ಗಾಡಿ ತೋರಿಸಿ ನವೀಕರಣ, ಅದು ಐದೈದು ವರ್ಷಕ್ಕೆ. ಆಗ ಸಂತೆಗೂ ಹೋಗಬಹುದು.

ಕಾಫಿಕಣ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಜನ ಬರೀತೀರಿ ಅಂದುಕೊಂಡಿರಲಿಲ್ಲ.

ಅಡ್ಡಪಟ್ಟಿ ಬೋರಲು ಯು ಆಕಾರದ್ದು. ಫೋರ್ಡ್! ವಿಂಡ್‌ಶೀಲ್ಡ್ ಕೀಲಿನ ಬೋಲ್ಟ್ ಉಜ್ಜಿದೆ, ಸಣ್ಣ 'ಎಫ್' ಕಾಣಿಸಿತು, ನಾನೂ ತಂಗಿಯೂ ಕೂಗಿಕೊಂಡುಬಿಟ್ಟೆವು. ಎಡ ಉದ್ದಿ ಮೇಲೆ ಟಾರು, ಅದರ ಮೇಲೆ ಬಣ್ಣ, ಅದರ ಮೇಲೆ ಮಣ್ಣು. ಸೀಮೆಎಣ್ಣೆ ಹಾಕಿ ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದ ಮೇಲೆ ಜಿಪಿಡಬ್ಲ್ಯು ಅಂತ ಅಕ್ಷರ, ಮುಂದೆ ನಂಬರ್. ಪುಸ್ತಕದ ಚಾಸಿಸ್ ನಂಬರಿಗೆ ಸರಿಹೋಗಿದೆ. ಆದರೆ ಎಂಜಿನ್ ಮೇಲಿನ ನಂಬರ್ 'ಎಂಬಿ' ಅಂತ ಶುರುವಾಗುತ್ತದೆ, ಪುಸ್ತಕದಲ್ಲಿ ಇರೋದು ಬೇರೆ. ಇದೇನು ಫಜೀತಿ?

ಹೆಡ್‌ಲೈಟ್ ಹಿಂದಿನ ಚಿಟ್ಟೆ ನಟ್ ಸಡಿಲ ಮಾಡಿದರೆ ಇಡೀ ಲೈಟು ಹಿಂದಕ್ಕೆ ಮಗುಚಿ ಎಂಜಿನ್ ಕಡೆ ತಿರುಗುತ್ತದೆ, ಇದು ಹೀಗೇ ಇರೋದಾ ಅಥವಾ ಮುರಿದಿದೆಯಾ?

ಸಂಪ್‌ನಿಂದ ಒಂದು ಲೋಟಕ್ಕಿಂತ ಕಡಿಮೆ ನೀರು ಬಂತು. ಪ್ಲಗ್ ಬಿಚ್ಚಿ ಎಣ್ಣೆ ಹುಯ್ದಿದ್ದೇನೆ.

ಮಾಜಿ ಇಎಂಇ, ಹಾಸನ:

ಹೆಡ್‌ಲೈಟ್ ಹಾಗೇ ಇರೋದು. ರಾತ್ರಿ ರಿಪೇರಿ ಮಾಡುವಾಗ ಅದನ್ನೇ ಎಂಜಿನ್ ಕಡೆ ತಿರುಗಿಸಿ ಬೆಳಕು ಮಾಡಿಕೊಳ್ಳಲಿ ಅಂತ. ಬೇರೆ ಟಾರ್ಚ್ ಬೇಕಿಲ್ಲ.

ವಿಲ್ಲಿಸ್ ಎಂಜಿನ್ ಫೋರ್ಡ್‌ನಲ್ಲಿ ಕೂತಿರೋದು ಏನೂ ವಿಚಿತ್ರ ಅಲ್ಲ. ಸೈನ್ಯದ ವರ್ಕ್‌ಶಾಪಿನಲ್ಲಿ ನಂಬರ್ ನೋಡಿ ಎಂಜಿನ್ ಕೂರಿಸೋರು ಯಾರೂ ಇರಲ್ಲ. ಕೆಟ್ಟದ್ದು ಇಳಿಸು, ಸಿದ್ಧ ಇರೋದು ಏರಿಸು, ಗಾಡಿ ಕಳಿಸು. ಎರಡೂ ಒಂದೇ ಎಂಜಿನ್. ಪುಸ್ತಕದ ವಿಷಯ ಗಿರಾಕಿಯವರು ಹೇಳಲಿ.

ಜೆಸಿರೋಡ್ ಗಿರಾಕಿ:

ಚಾಸಿಸ್ ನಂಬರ್ ಸರಿಹೋಗಿದೆ ಅಂದಮೇಲೆ ಮುಕ್ಕಾಲು ಕೆಲಸ ಆಯಿತು. ಎಂಜಿನ್ ಬದಲಾವಣೆಯನ್ನು ಮುಚ್ಚಿಡಬೇಡಿ, ಅರ್ಜಿ ಕೊಟ್ಟು ಪುಸ್ತಕಕ್ಕೆ ಸೇರಿಸಿಕೊಳ್ಳಿ. ಅದೇ ಇಂಧನ, ಅದೇ ಸಾಮರ್ಥ್ಯದ ಎಂಜಿನ್ ಅಂತ ವಾದ ಮಾಡೋಕೆ ಜಾಗ ಇದೆ. ಹಳೇ ಬಿಲ್ಲು, ತೋಟದ ಲೆಕ್ಕದ ಪುಸ್ತಕ ಏನಾದರೂ ಇದ್ದರೆ ಹುಡುಕಿ. ತಾತಂದಿರು ಇಂಥದ್ದೆಲ್ಲ ಬರೆದಿಡುತ್ತಿದ್ದರು.

ಒಂಟಿಸಲಗ:

ವಿಷಯ ಬಿಟ್ಟು ಕೇಳ್ತಿದ್ದೀನಿ ಕ್ಷಮಿಸಿ. ಜೊಂಗಾ ತಗೊಳ್ಳೋ ಆಸೆ. ಉತ್ತರದ ಕಡೆಯಿಂದ ಒಂದು ಬಂದಿದೆ, ಫುಲ್ ರೆಡಿ ಅಂತಿದ್ದಾರೆ. ತಗೋಬಹುದಾ?

ಮಾಜಿ ಇಎಂಇ, ಹಾಸನ:

ಜೊಂಗಾ ರಾಜನಂಥ ಗಾಡಿ. ಜಬಲ್ಪುರದಲ್ಲಿ ನಿಸ್ಸಾನ್ ಪ್ಯಾಟ್ರೋಲ್ 60 ಮಾಡೆಲ್ ಆಧಾರದ ಮೇಲೆ ಮಾಡಿದ್ದು, ನಾಲ್ಕು ಲೀಟರಿನ ಆರು ಸಿಲಿಂಡರ್. ಎಳೆತ ನೋಡಿದರೆ ಆಸೆ ಆಗುತ್ತೆ, ಬಂಕಿನ ಬಿಲ್ಲು ನೋಡಿದರೆ ಆಸೆ ಇಳಿಯುತ್ತೆ. ಬಣ್ಣ ನೋಡಿ ದುಡ್ಡು ಕೊಡಬೇಡ. ಸೈನ್ಯ ಹರಾಜು ಹಾಕಿದಾಗ ಕೊಟ್ಟ ರಿಲೀಸ್ ಕಾಗದ, ಅದರಲ್ಲಿನ ಚಾಸಿಸ್ ನಂಬರ್, ಗಾಡಿಯ ಮೇಲಿನ ನಂಬರ್, ಆರ್‌ಸಿ, ನಾಲ್ಕೂ ತಾಳೆ ಆಗಬೇಕು. 'ಫುಲ್ ರೆಡಿ' ಅನ್ನೋ ಗಾಡಿಗಳಲ್ಲಿ ಹೊಸ ತಗಡಿನ ಬಾಡಿ, ಯಾವುದೋ ಎಂಜಿನ್, ಇನ್ಯಾವುದೋ ಪುಸ್ತಕ ಇರೋದು ಜಾಸ್ತಿ. ಬೇರೆ ವಿಷಯವಾಗಿ ಪ್ರಶ್ನೆ ಹಾಕು, ಅಲ್ಲಿ ಮಾತಾಡೋಣ.

ಸೋಮವಾರಪೇಟೆಯವಳು:

ತಗಡು ಮತ್ತು ಬಣ್ಣದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಇಂಥದ್ದೇ ಒಂದಿದೆ, ಟಿಂಕರಿಂಗ್ ಮೇಸ್ತ್ರಿ ಜೊತೆ ಕೂತು ಮಾಡಿಸಿದ್ದೇನೆ.

ಪೊಟ್ಯಾಷ್ ಅಂದರೆ ಉಪ್ಪು. ಉಪ್ಪು ಮತ್ತು ನಮ್ಮ ಮಳೆ ಸೇರಿದರೆ ತಗಡು ಉಳಿಯಲ್ಲ. ಮೊದಲ ಕೆಲಸ, ಇಡೀ ಬಾಡಿಯನ್ನು ನೀರಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಉಪ್ಪಿನ ಅಂಶ ಉಳಿದರೆ ಎಷ್ಟು ಒಳ್ಳೇ ಪ್ರೈಮರ್ ಹೊಡೆದರೂ ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತೆ.

ಆಮೇಲೆ ಕೆಳಗೆ ಮಲಗಿ ನೋಡಿ. ನೆಲದ ತಗಡಿನ ಅಡಿಗೆ ಉದ್ದಕ್ಕೆ, ಅಡ್ಡಕ್ಕೆ ಟೋಪಿ ಆಕಾರದ ಪಟ್ಟಿಗಳು ವೆಲ್ಡ್ ಆಗಿರುತ್ತವೆ. ಯುದ್ಧದ ಜೀಪಿನಲ್ಲಿ ಅವುಗಳ ಒಳಗೆ ಮರದ ತುಂಡು ತುರುಕಿದ್ದರು. ಮರ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತೆ, ತಗಡು ಒಳಗಿನಿಂದ ಕರಗುತ್ತೆ. ಮೇಲೆ ನೆಲ ಚೆನ್ನಾಗಿ ಕಂಡರೂ ನಂಬಬೇಡಿ, ಸ್ಕ್ರೂಡ್ರೈವರ್ ಹಿಂಭಾಗದಿಂದ ಪಟ್ಟಿಯನ್ನು ಕುಟ್ಟಿ ಕೇಳಿ. ಟಣ್ ಅಂದರೆ ಕಬ್ಬಿಣ ಇದೆ. ದಪ್ ಅಂದರೆ ಬರೀ ತುಕ್ಕಿನ ಪುಡಿ. ನಮ್ಮದರಲ್ಲಿ ಕುಟ್ಟಿದಾಗ ಒಳಗಿಂದ ಒಂದು ಹಿಡಿ ಮಣ್ಣಿನಂಥದ್ದು ಮುಖದ ಮೇಲೇ ಬಿತ್ತು, ಅದರಲ್ಲಿ ಮರದ ನಾರು ಇನ್ನೂ ಇತ್ತು.

ಹೋದ ಭಾಗ ಕತ್ತರಿಸಿ 18 ಗೇಜ್ ತಗಡು ಹಾಕಿಸಿ. ಪುಟ್ಟಿ ಮೆತ್ತಿ ಮುಚ್ಚೋ ಮೇಸ್ತ್ರಿ ಬೇಡ. ಇಡೀ ಬಾಡಿಯನ್ನೇ ಹೊಸದು ಫಿಲಿಪೈನ್ಸ್‌ನಿಂದ ತರಿಸಬಹುದು, ಅಲ್ಲಿ ಯುದ್ಧದ ಜೀಪಿನ ಬಾಡಿಯನ್ನು ಇವತ್ತಿಗೂ ಒತ್ತಿ ಮಾಡುವವರಿದ್ದಾರೆ. ಆದರೆ ಕಸ್ಟಮ್ಸು, ಸಾಗಣೆ ಎಲ್ಲ ಸೇರಿ ಲೆಕ್ಕ ಎಲ್ಲಿಗೋ ಹೋಗುತ್ತೆ. ನಿಮ್ಮ ಗ್ರಿಲ್, ಬಾನೆಟ್, ಪಕ್ಕದ ಗೋಡೆ ಗಟ್ಟಿ ಇದ್ದರೆ ನೆಲ ಮಾತ್ರ ಮಾಡಿಸಿ.

ಇನ್ನು ಹಸಿರು ಬಣ್ಣ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಓದಿ: ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಪೊಲೀಸರು ಹಿಡಿದರೆ ಇದು ಯುದ್ಧದ ಕಾಲದ್ದು, ಮೂಲ ಬಣ್ಣ ಅಂತ ರಸ್ತೆ ಪಕ್ಕ ಇತಿಹಾಸದ ಪಾಠ ಮಾಡುತ್ತಾ ನಿಲ್ಲಬೇಕು. ಸೈನ್ಯದ ನಂಬರ್ ಪ್ಲೇಟಿನ ಹಾಗೆ ಬಾಣದ ಗುರುತು ಹಾಕೋದಂತೂ ಬೇಡವೇ ಬೇಡ.

ಅದಕ್ಕಿಂತ ನನಗೆ ಅನ್ನಿಸೋದು ಬೇರೆ. ಈ ಗಾಡಿ ಸೈನ್ಯದಲ್ಲಿ ಇದ್ದದ್ದು ಹೆಚ್ಚೆಂದರೆ ನಾಲ್ಕೈದು ವರ್ಷ. ತೋಟದಲ್ಲಿ ಇದ್ದದ್ದು ಅರ್ಧ ಶತಮಾನಕ್ಕೂ ಜಾಸ್ತಿ. ಮಳೆ ಮೋಡ ನೋಡಿ ಕಾಫಿ ಕಣದಿಂದ ಚೀಲ ಹೊತ್ತಿದ್ದು, ಬಾಣಂತಿಯರನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಮದುವೆ ದಿಬ್ಬಣ ಹೋದದ್ದು ಎಲ್ಲ ಇದರಲ್ಲೇ ತಾನೇ? ನಿಮ್ಮ ತಾತ ಯಾವ ಬಣ್ಣ ಹೊಡೆಸಿದ್ದರು? ಡ್ಯಾಶ್‌ಬೋರ್ಡ್ ಕೆಳಗೆ, ಸೀಟಿನ ಅಡಿಗೆ ಉಳಿದಿರುತ್ತೆ, ಮೆಲ್ಲಗೆ ಕೆರೆದು ನೋಡಿ. ನಾವು ನಮ್ಮದಕ್ಕೆ ಮನೆಯ ಹಳೇ ಬೂದು ನೀಲಿಯನ್ನೇ ಹೊಡೆಸಿದೆವು. ಯುದ್ಧದ ಸಿನಿಮಾದಿಂದ ಬಂದ ಹಾಗೆ ಕಾಣಬೇಕು ಅನ್ನೋರು ನಗುತ್ತಾರೆ, ನಗಲಿ.

ಘಾಟಿಡ್ರೈವರ್:

ಇವರು ಹೇಳಿದ್ದು ನನಗೂ ಸರಿ ಅನ್ನಿಸ್ತು. ಆದ್ರೂ ಡೀಸೆಲ್ ಡೀಸೆಲ್ಲೇ.

ಕಾಫಿಕಣ:

ಅಲುಗಾಡಿತು! ಹಿಂದಕ್ಕೆ ಒಂಚೂರು, ಮುಂದಕ್ಕೆ ಒಂಚೂರು, ಸಂಜೆಯ ಹೊತ್ತಿಗೆ ಪೂರ್ತಿ ಒಂದು ಸುತ್ತು. ಫ್ಯಾನ್ ತಿರುಗಿದ್ದು ನೋಡಿ ದೊಡ್ಡಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು ನಿಂತರು. "ಆ ಕಾಲದ ಕಬ್ಬಿಣ ಕಣೋ" ಅಂದರು. ಗುಜರಿ ಮಾತು ಸದ್ಯಕ್ಕೆ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿಯೂ ಆಯಿತು, ಗಿರಾಕಿಯವರ ಮಾತು ಕೇಳಿ ಮೊದಲೇ ಹಾಕಿಸಿಕೊಂಡೆ.

ಸೀಟಿನ ಅಡಿಗೆ ಕೆರೆದಾಗ ಹಸಿರಿನ ಮೇಲೆ ಕೆನೆ ಬಣ್ಣ ಸಿಕ್ಕಿದೆ, ಬ್ರಷ್‌ನಲ್ಲಿ ಬಳಿದದ್ದು. ಅದನ್ನೇ ಹೊಡೆಸೋದು ಅಂತ ತೀರ್ಮಾನ, ಚಿಕ್ಕಪ್ಪನ ಮಗನಿಗೆ ಮುನಿಸು.

ಮುಂದೆ ಸ್ಟಾರ್ಟ್ ಮಾಡೋಕೆ ಏನೇನು ಬೇಕು? ಇನ್ನೊಂದು, ಗಾಡಿಯನ್ನು ಶೆಡ್ಡಿನಿಂದ ಹೊರಗೆ ತರಲು ಚಕ್ರ ಬಿಚ್ಚಬೇಕು. ಬಲಗಡೆಯದು ಬಂತು. ಎಡಗಡೆಯ ನಟ್ಟುಗಳು ಪೈಪ್ ಹಾಕಿ ನಿಂತರೂ ಅಲ್ಲಾಡುತ್ತಿಲ್ಲ. ಗ್ಯಾಸ್ ಕಟರ್‌ನಿಂದ ಕತ್ತರಿಸಿಬಿಡಲಾ?

ಮಾಜಿ ಇಎಂಇ, ಹಾಸನ:

ಕಟರ್ ಕೆಳಗಿಡು! ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್ ಇರುತ್ತೆ. ನೀನು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದೀಯ. ಸ್ಟಡ್ಡಿನ ತುದಿಯಲ್ಲೋ ನಟ್ಟಿನ ಮೇಲೋ 'ಎಲ್' ಅಂತ ಇರಬಹುದು, ಉಜ್ಜಿ ನೋಡು. ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು.

ಚಕ್ರದ ಬಗ್ಗೆ ಇನ್ನೊಂದು ಮುಖ್ಯ ಮಾತು. ನಿನ್ನ ರಿಮ್ ಎರಡು ಹೋಳಾಗಿ ಸುತ್ತಲೂ ಬೋಲ್ಟ್ ಹಾಕಿ ಜೋಡಿಸಿದ್ದಾ ನೋಡು. ಸೈನ್ಯದ ಜೀಪಿಗೆ ಹಾಗೇ ಬರುತ್ತಿತ್ತು. ಹಾಗಿದ್ದರೆ ಟೈರಿನಲ್ಲಿ ಗಾಳಿ ಇರುವಾಗ ಆ ಬೋಲ್ಟ್ ಮುಟ್ಟಲೇಬೇಡ. ವಾಲ್ವ್ ಪಿನ್ ಬಿಚ್ಚಿ ಪೂರ್ತಿ ಗಾಳಿ ಹೋದ ಮೇಲಷ್ಟೇ. ರಿಮ್ ಸಿಡಿದರೆ ಪ್ರಾಣಕ್ಕೇ ಬರುತ್ತೆ. ಪಂಕ್ಚರ್ ಅಂಗಡಿಯ ಹುಡುಗನಿಗೂ ಇದು ಗೊತ್ತಿರಲ್ಲ, ನೀನೇ ನಿಂತು ಹೇಳು.

ಈಗ ಸ್ಟಾರ್ಟ್. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇದೆ. ಅದನ್ನು ಇಳಿಸಿ ಪಕ್ಕಕ್ಕಿಡು, ಸದ್ಯಕ್ಕೆ ಬೇಡ. ಸಣ್ಣ ಕ್ಯಾನಿನಿಂದ ಪೈಪ್ ಕೊಟ್ಟು ಓಡಿಸು. ಹಳೇ ಟ್ಯಾಂಕಿನ ತುಕ್ಕು ಕಾರ್ಬುರೇಟರಿಗೆ ಹೋದರೆ ಜೆಟ್ ಕಟ್ಟಿಕೊಂಡು ತಲೆ ಕೆಡುತ್ತೆ. ಪೆಟ್ರೋಲ್ ಪಂಪಿನ ಡಯಾಫ್ರಂ, ರಬ್ಬರ್ ಪೈಪು ಎಲ್ಲ ಹೊಸದು ಹಾಕು, ಎಥೆನಾಲ್ ತಡೆಯೋ ರಬ್ಬರ್ ಅಂತ ಕೇಳಿ ತಗೋ. ಈಗ ಬಂಕಿನಲ್ಲಿ ಸಿಗೋ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್, ಹಳೇ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತೆ, ನಿಂತರೆ ನೀರು ಎಳೆದುಕೊಳ್ಳುತ್ತೆ. ಓಡಿಸದೆ ತಿಂಗಳು ಬಿಡುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ಬಿಡು.

ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಪ್ಲಗ್ ಗ್ಯಾಪ್ 30 ಥೌ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್ ಉರಿಯುವ ಸರದಿ, 1-3-4-2. ಮೂಲದಲ್ಲಿ 6 ವೋಲ್ಟ್ ಗಾಡಿ, ಯಾರಾದರೂ 12 ಮಾಡಿದ್ದಾರಾ ಅಂತ ಬಲ್ಬು, ಕಾಯಿಲ್ ಮೇಲೆ ಓದಿ ನೋಡಿ ಆಮೇಲೆ ಬ್ಯಾಟರಿ ಕೊಡು. ಗೇರ್ ಆಯಿಲ್ ತರುವಾಗ ಜಿಎಲ್-4 ಅಂತ ಬರೆದದ್ದೇ ತಾ. ಜಿಎಲ್-5 ಕೆಲವದರಲ್ಲಿ ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳನ್ನು ತಿನ್ನುತ್ತೆ.

ಎಂಜಿನ್ ಶುರುವಾದ ಖುಷಿಗೆ ತೋಟದ ಇಳಿಜಾರಿಗೆ ಬಿಡಬೇಡ. ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಲೈನ್. ಒಂದು ಚಕ್ರದ ಹತ್ತಿರ ಪೈಪ್ ಹೋದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಮಾಸ್ಟರ್, ನಾಲ್ಕೂ ವೀಲ್ ಸಿಲಿಂಡರ್, ಎಲ್ಲ ಪೈಪು ಹೊಸದಾದ ಮೇಲೆ ಗೇಟು ದಾಟು. ಕೈ ಬ್ರೇಕ್ ಚಕ್ರಕ್ಕೆ ಹಿಡಿಯಲ್ಲ, ಗೇರ್‌ಬಾಕ್ಸಿನ ಹಿಂದೆ ಶಾಫ್ಟಿಗೆ ಹಿಡಿಯುತ್ತೆ, ಓಡುವಾಗ ಅದನ್ನು ನಂಬಬೇಡ.

ಸೋಮವಾರಪೇಟೆಯವಳು:

ಬ್ರೇಕ್ ಪೈಪು ತಾಮ್ರದ್ದು ಹಾಕಿಕೊಡ್ತೀನಿ ಅಂತ ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡಿ. ಎಸಿ ರಿಪೇರಿಯ ತಾಮ್ರದ ಟ್ಯೂಬು ಬ್ರೇಕಿಗಲ್ಲ.

ಕಾಫಿಕಣ:

ಉಲ್ಟಾ ಥ್ರೆಡ್! ಮೆಕ್ಯಾನಿಕ್ಕಿಗೂ ಗೊತ್ತಿರಲಿಲ್ಲ, ಅವನೂ ಪೈಪಿನ ಮೇಲೆ ನಿಂತು ಕುಣಿದಿದ್ದ. ಈಗ ತಿರುಗಿಸಿದೆ ಸರ್, ಐದರಲ್ಲಿ ನಾಲ್ಕು ಬಂತು. ಐದನೆಯದಕ್ಕೆ ಎಣ್ಣೆ ಹಾಕಿ ಬಿಟ್ಟಿದ್ದೇನೆ, ನಾಳೆ ನೋಡ್ತೀನಿ. ರಿಮ್ ಎರಡು ಹೋಳಿನದೇ, ಪಿನ್ ಬಿಚ್ಚಿಟ್ಟಿದ್ದೇನೆ.